ಹೇಳಿದ್ದು, ಇದ್ದದ್ದು

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬಸವಕಲ್ಯಾಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಬಸ್ಸು ಇನ್ನೇನು ಹೊರಡಬೇಕು, ಒಬ್ಬ ಹೆಂಗಸು ಗೋಣಿಚೀಲವನ್ನು ತಬ್ಬಿಕೊಂಡು ಬಂದು ದಡಕ್ಕನೆ ನನ್ನ ಪಕ್ಕ ಕೂತಳು. ಚೀಲದೊಳಗೆ ಆಡಿನ ಮರಿ, ಕುತ್ತಿಗೆ ಮಾತ್ರ ಹೊರಗೆ. ಮಳೆಯಲ್ಲಿ ನೆಂದ ಗೋಣಿ, ನೆಂದ ಆಡು, ಅದರ ಕಿವಿಯ ಗಾಯಕ್ಕೆ ಹಚ್ಚಿದ್ದ ಬೇವಿನೆಣ್ಣೆ, ಮೂರರ ವಾಸನೆಯೂ ಸೇರಿ ಬಸ್ಸು ತುಂಬಿಹೋಯಿತು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಂಡರು. ಕಂಡಕ್ಟರ್ ಮರಿಗೂ ಟಿಕೆಟ್ ಆಗಬೇಕೆಂದು ಜಗಳ ತೆಗೆದ. “ತೊಡಿ ಮ್ಯಾಲ ಕುಂತದ, ಸೀಟಿನ ಮ್ಯಾಲ ಕುಂತಿಲ್ಲ. ಟಿಕೀಟ್ ಯಾತರದ್ರಿ?” ಅಂದಳು ಆಕೆ. ಉಳಿದವರೆಲ್ಲ ನಕ್ಕರು. ನಾನು ಮಾತ್ರ ಆ ಮರಿಯ ಕಿವಿಯನ್ನೇ ನೋಡುತ್ತ ಕೂತೆ. ಕಲ್ಯಾಣದಲ್ಲಿ ಹನ್ನೊಂದು ಗಂಟೆಗೆ ನನಗೊಂದು ಮೀಟಿಂಗ್ ಇತ್ತು. ಕಲ್ಯಾಣದ ಟಿಕೆಟನ್ನು ಕೈಯಲ್ಲಿ ಹಿಡಿದುಕೊಂಡೇ ನಡುದಾರಿಯಲ್ಲಿ, ರಾಜೇಶ್ವರದಲ್ಲಿ ಇಳಿದುಬಿಟ್ಟೆ.

ಆರು ವರ್ಷದ ಹಿಂದೆ, ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ನಾನು ಹುಮನಾಬಾದಿನಲ್ಲಿದ್ದೆ. ಹೆಂಗಸರಿಗೆ ಆಡು ಸಾಕಣೆಯ ತರಬೇತಿ ಕೊಡುವ ಸಣ್ಣದೊಂದು ಸಂಸ್ಥೆ ನನ್ನನ್ನು ಅಲ್ಲಿಗೆ ಕಳಿಸಿತ್ತು. ಕೆಲಸವನ್ನು ಬಾಯಲ್ಲಿ ಹೇಳುವುದು ಸುಲಭ. ಸುತ್ತಲಿನ ಹಳ್ಳಿಗಳಿಂದ ಹನ್ನೆರಡು ಹೆಂಗಸರನ್ನು ಆರಿಸಬೇಕು. ಮೇವು, ಗೊರಸು, ಹೆರಿಗೆ, ಜಂತಿನ ಔಷಧಿ, ಸೂಜಿ ಎಲ್ಲವನ್ನೂ ಅವರ ಕೈಯಿಂದಲೇ ಮಾಡಿಸಿ ಕಲಿಸಬೇಕು. ವರ್ಷ ಮುಗಿಯುವುದರೊಳಗೆ ಅವರಲ್ಲಿ ಒಬ್ಬಳಾದರೂ, ಆಡಿಗೆ ಕಾಯಿಲೆ ಬಂದರೆ ಊರೇ ಬಂದು ಬಾಗಿಲು ತಟ್ಟುವಂಥವಳಾಗಬೇಕು. ಒಬ್ಬಳು ಆದಳು. ಎರಡೇ ತಿಂಗಳು. ಆಮೇಲೆ ಅವಳ ಬಾಗಿಲನ್ನು ಯಾರೂ ತಟ್ಟಲಿಲ್ಲ, ಅದಕ್ಕೆ ಕಾರಣ ನಾನು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ನಾನು ಹಾಸನದ ಕಡೆಯವಳು. ಆಗ ನನಗೆ ಮೂವತ್ತೊಂಬತ್ತು. ಮದುವೆಯ ಮಾತನ್ನು ಮನೆಯವರು ನಿಲ್ಲಿಸಿ ನಾಲ್ಕೈದು ವರ್ಷವಾಗಿತ್ತು. ಮಾತು ನಿಂತ ಮೇಲೆ ಫೋನೂ ಕಡಿಮೆಯಾಯಿತು. ಹುಮನಾಬಾದಿನಲ್ಲಿ ಒಂದು ಮುಸ್ಲಿಂ ಮನೆಯ ಹಿಂಭಾಗದ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯ ಯಜಮಾನಿಯನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮೊದಲ ದಿನವೇ ಆಕೆ ನನ್ನ ಒಂದು ಸೂಟ್‌ಕೇಸು, ಒಂದು ಸ್ಟವ್ವು ನೋಡಿ, “ಇಷ್ಟೇ ಸಾಮಾನಾ? ಅಕೇಲಿ ಅದೀರೇನ್ರಿ?” ಎಂದು ಕೇಳಿದರು. ಹೌದು, ಒಬ್ಬಳೇ ಅಂದೆ. “ಅಲ್ಲಾ!” ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡರು. ಆ ಒಂದು ಉದ್ಗಾರ ನನಗೆ ವಾರವೆಲ್ಲ ಚುಚ್ಚಿತು. ಪಾಪ, ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ವಾರದ ದಿನಗಳು ಹೇಗೋ ಹೋಗುತ್ತಿದ್ದವು. ಹಳ್ಳಿ, ಧೂಳು, ಆಡು, ಬೈಗುಳ, ರೊಟ್ಟಿ. ಭಾನುವಾರ ಬಂತೆಂದರೆ ಕೋಣೆಯ ನಾಲ್ಕು ಗೋಡೆ ಮೈಮೇಲೆ ಬರುತ್ತಿದ್ದವು. ಬಟ್ಟೆ ಒಗೆದು ಮುಗಿದರೆ ಇನ್ನೂ ಒಂಬತ್ತೂವರೆ. ಸಂಜೆ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು, ಮಿರ್ಚಿ ಭಜಿ ತಿನ್ನುತ್ತ ಹೈದರಾಬಾದ್, ಕಲಬುರಗಿ, ಉದಗೀರ್ ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತಿದ್ದೆ. ಒಮ್ಮೆ ಒಬ್ಬ ಮುದುಕ “ಯಾ ಬಸ್ಸಿಗಿ ಕುಂತೀಯವ್ವಾ?” ಎಂದು ಕೇಳಿದ. ಕಲಬುರಗಿ ಅಂದೆ. ಕಲಬುರಗಿ ಬಸ್ಸು ಬಂತು. ಅವನೇ ಜಾಗ ಹಿಡಿದು, “ಬಾರವ್ವಾ, ಜಲ್ದಿ” ಎಂದು ಕಿಟಕಿಯಿಂದ ಕೂಗಿದ. ಮಾನ ಹೋಗುತ್ತದೆಂದು ಹತ್ತಿಕೂತು, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ವಾಪಸು ಬಂದೆ. ನನ್ನ ಬುದ್ಧಿಗಿಷ್ಟು.

ತರಬೇತಿಯ ಮೊದಲ ದಿನ ಹೆಂಗಸರೆಲ್ಲ ನನ್ನನ್ನು ಡಾಕ್ಟರಬಾಯಿ, ಡಾಕ್ಟರಬಾಯಿ ಎಂದರು. ನನಗೆ ಬಾಯಿ ಸ್ವಲ್ಪ ಜಾಸ್ತಿ, ನನಗೂ ಗೊತ್ತು. ಬಂದ ದಿನವೇ ಇವರಿಗೂ ಗೊತ್ತಾಗಿಹೋಯಿತಲ್ಲ ಎಂದು ಮುಖ ಉರಿಯಿತು. ಅದು ಆ ಕಡೆ ಹೆಂಗಸರಿಗೆ ಮರ್ಯಾದೆ ಕೊಟ್ಟು ಕರೆಯುವ ರೀತಿ ಎಂದು ಬಿಡಿಸಿ ಹೇಳಿದವಳು ರಾಜೇಶ್ವರದ ಇಂದುಬಾಯಿ. “ನಂದೂ ಬಾಯಿ ಅದ ನೋಡ್ರಿ, ಹೆಸರಿನ್ಯಾಗೂ ಅದ, ಮುಖದಾಗೂ ಅದ,” ಎಂದು ನಕ್ಕಳು. ಉಳಿದವರಿಗೆ ಆಮೇಲೂ ಡಾಕ್ಟರಬಾಯಿಯಾಗಿಯೇ ಇದ್ದೆ. ಅವಳು ಮಾತ್ರ ಅಂದಿನಿಂದ ಮೇಡಂ ಅಂದಳು, ನನಗೆ ಮುಜುಗರವಾಗದಿರಲಿ ಎಂದು.

ಇಂದುಬಾಯಿಗೆ ಆಗ ಮೂವತ್ತೆಂಟರ ಆಸುಪಾಸು. ಗಂಡ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ, ಹಬ್ಬಕ್ಕೆ ಬರುತ್ತಿದ್ದ. ಮಗಳು ಕಲ್ಯಾಣಕ್ಕೆ ಕಾಲೇಜಿಗೆ ಹೋಗುತ್ತಿದ್ದಳು. ಎರಡು ಖೋಲಿಯ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಮುಂದೆ ಬೇವಿನ ಮರ, ಮರದ ಕೆಳಗೆ ಆಡುಗಳು. ಆ ಮನೆಯಲ್ಲಿ ಇದು ನನ್ನದು ಎಂದು ಅವಳು ಹೇಳಬಹುದಾದದ್ದು ಆ ಆಡುಗಳನ್ನು ಮಾತ್ರ. ತವರಿನಿಂದ ತಂದ ಒಂದು ಪಾಟಿಯಿಂದ, ಒಂದೇ ಹೆಣ್ಣುಮರಿಯಿಂದ, ಬೆಳೆಸಿದ್ದಳು. ಎಷ್ಟಿವೆ ಎಂದು ನಾನು ಕೇಳಿದಾಗ “ಒಂಬತ್ತು ಅವ್ರಿ” ಅಂದಿದ್ದಳು.

ಕಲಿಯುವುದರಲ್ಲಿ ಅವಳ ಕೈ ಅಂದರೆ ಕೈ. ಚರ್ಮದ ಕೆಳಗೆ ಸೂಜಿ ಹಾಕುವಾಗ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿಯಬೇಕು. ಅದನ್ನು ನಾನು ಬೋರ್ಡಿನ ಮೇಲೆ ಗುಡಾರದ ಚಿತ್ರ ಬರೆದು ಅರ್ಧ ತಾಸು ವಿವರಿಸಿದೆ. ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಇಂದುಬಾಯಿ ಎದ್ದು ಬಂದು, “ಅಯ್ಯ, ಗಾಳ್ಯಾಗ ಸೆರಗ ಹಾರಿದ್ರ ಹ್ಯಾಂಗ ಹಿಡೀತೀವಿ, ಹಂಗ ಹಿಡೀರಿ” ಅಂದಳು. ಅಷ್ಟೇ, ಹನ್ನೆರಡೂ ಜನ ಹಿಡಿದರು. ಆಡನ್ನು ಮೊಣಕಾಲಿನ ನಡುವೆ ಒತ್ತಿ ನಿಲ್ಲಿಸಿ, ಎಡಗೈಯಲ್ಲಿ ಕುತ್ತಿಗೆಯ ಚರ್ಮ ಎತ್ತಿ, ಬಲಗೈಯಲ್ಲಿ ಸೂಜಿ ಇಳಿಸಿದರೆ ಆಡು ಮೆಲುಕು ಸಹ ನಿಲ್ಲಿಸುತ್ತಿರಲಿಲ್ಲ. ನನ್ನ ಕೈಯಲ್ಲಿ ಅವು ಕಿರುಚುತ್ತಿದ್ದವು. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಇದು ನಾನು ಕಲಿಸಿದ ಕೈ ಎಂದು ಸೊಕ್ಕೂ ಬರುತ್ತಿತ್ತು.

ಅವಳಿಗೆ ನನ್ನ ಭಾನುವಾರದ ಅವಸ್ಥೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಒಂದು ಐತವಾರ ಮಧ್ಯಾಹ್ನ ಫೋನ್ ಮಾಡಿ “ಏನ್ ಮಾಡಾಕತ್ತೀರಿ ಮೇಡಂ?” ಅಂದಳು. ಏನಿಲ್ಲ ಅಂದೆ. “ನಾನೂ ಏನೂ ಇಲ್ರಿ, ಸುಮ್ಕ ಮಾಡ್ದೆ,” ಅಂದಳು. ಆಮೇಲೆ ಪ್ರತಿ ಐತವಾರ ಮೂರು ಗಂಟೆಯ ಹೊತ್ತಿಗೆ ಅವಳ ಫೋನು. ಆಡಿಗೆ ಹೊಟ್ಟೆ ಉಬ್ಬಿತ್ತು, ಓಂಕಾಳು ಎಣ್ಣೆ ಕುಡಿಸಿದೆ, ಇಳಿಯಿತು. ಮಗಳು ಹೊಸ ಚಪ್ಪಲಿ ಬೇಕು ಅನ್ನುತ್ತಾಳೆ. ನಿಮ್ಮ ಕಡೆ ಬೆಲ್ಲದ ಚಹಾ ಕುಡಿಯುತ್ತಾರೇನು? ಇಂಥವೇ ಮಾತು. ಎರಡೂವರೆಯಿಂದಲೇ ನಾನು ಫೋನನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲಿ ಕೂರುತ್ತಿದ್ದೆ. ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ಬಿಟ್ಟೆ.

ತರಬೇತಿಯಲ್ಲಿ ಮುಂದಾಳುತನದ್ದೇ ಒಂದು ದಿನವಿತ್ತು. ಸಂಸ್ಥೆಯವರು ಬಣ್ಣಬಣ್ಣದ ಚಾರ್ಟು ಕಳಿಸಿದ್ದರು. ಅದರಲ್ಲಿದ್ದ ಭಾಷೆ ನನಗೇ ಅರ್ಥವಾಗಲಿಲ್ಲ. ಚಾರ್ಟು ಸುತ್ತಿಟ್ಟು, ಬಾಯಿಗೆ ಬಂದದ್ದು ಹೇಳಿದೆ: “ನೋಡ್ರಮ್ಮಾ, ಮುಂದಾಳು ಅಂದರೆ ಇಷ್ಟೇ. ಸೂಜಿ ಊರಿನ ಆಡುಗಳಿಗೆ ಮೊದಲು, ತನ್ನ ಆಡುಗಳಿಗೆ ಕಡೆಗೆ.” ಹೆಂಗಸರು ಚಪ್ಪಾಳೆ ತಟ್ಟಿದರು. ಕೊಡಂಬಲದ ಒಬ್ಬಾಕೆ, “ಮತ್ತ ಗಂಡಸರು ಮುಂದಾಳು ಆಗಿ ಮೊದ್ಲ ತಮ್ಮ ಮನಿ ಮುಂದನ ರೋಡ್ ಮಾಡಸ್ತಾರಲ್ರಿ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಇಂದುಬಾಯಿ ನಗಲಿಲ್ಲ, ತಲೆಯಾಡಿಸಿದಳು. ಅವಳು ನನ್ನ ಮಾತನ್ನು ಹಾಗೇ ನಂಬುತ್ತಿದ್ದಳು. ನನಗದು ತಡವಾಗಿ ತಿಳಿಯಿತು.

ಮಿರಗದ, ಅಂದರೆ ಮೃಗಶಿರೆಯ, ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಬಿತ್ತನೆ ಮುಗಿದು ಹೊಲದಲ್ಲಿ ಹೆಸರು, ಉದ್ದು ಎರಡೆಲೆ ಬಿಟ್ಟಿದ್ದವು. ಆಡುಗಳಿಗೆ ಪಿಪಿಆರ್ ಎಂಬ ರೋಗ ಬರುತ್ತದೆ. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಒಂದು ವಾರದಲ್ಲಿ ಹಟ್ಟಿಗೆ ಹಟ್ಟಿಯೇ ಖಾಲಿಯಾಗುತ್ತದೆ. ಅದಕ್ಕೆ ಲಸಿಕೆಯಿದೆ. ಒಂದು ಬಾಟಲಿಯಲ್ಲಿ ನೂರು ಆಡಿಗಾಗುವಷ್ಟು. ಆದರೆ ಬಾಟಲಿ ಒಡೆದು ನೀರು ಬೆರೆಸಿದರೆ ಎರಡು ಮೂರು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ರಾಜೇಶ್ವರದಲ್ಲಿ ಇಂದುಬಾಯಿಯ ಓಣಿಯಲ್ಲೇ ಮೊದಲ ಶಿಬಿರ ಎಂದು ನಿಗದಿಯಾಯಿತು. ನಾನು ಪಕ್ಕದಲ್ಲಿ ನಿಲ್ಲುವುದು, ಸೂಜಿ ಪೂರ್ತಿ ಇಂದುಬಾಯಿಯದೇ. ಅವಳು ಮನೆಮನೆಗೆ ಹೋಗಿ ಯಾರ ಮನೆಯಲ್ಲಿ ಎಷ್ಟು ಆಡು ಎಂದು ಪಟ್ಟಿ ಮಾಡಿಕೊಂಡು ಬರಬೇಕಿತ್ತು. ಹೊರಡುವ ಮುಂಚೆ ನೋಟ್‌ಬುಕ್ಕು ಎದೆಗೊತ್ತಿಕೊಂಡು ನಿಂತು ಒಂದು ಪ್ರಶ್ನೆ ಕೇಳಿದಳು:

“ಮೇಡಂ, ಹೇಳಿದ್ದು ಬರೀಲೇನ್ರಿ, ಇದ್ದದ್ದು ಬರೀಲೇನ್ರಿ?”

ಏನಿದು ಹುಚ್ಚು ಪ್ರಶ್ನೆ ಅನ್ನಿಸಿತು. ನನಗೆ ಮೇಲಿನವರಿಗೆ ಕಳಿಸಬೇಕಾದ ಕಾಗದದ ಗಡಿಬಿಡಿ. “ಅವರು ಏನು ಹೇಳುತ್ತಾರೋ ಅದನ್ನೇ ಬರಿ. ನಿನ್ನದೇನೂ ಸೇರಿಸಬೇಡ,” ಅಂದೆ. “ಹೌದ್ರಿ” ಎಂದು ಹೋದಳು. ಪಟ್ಟಿ ಬಂತು: ಎಲ್ಲ ಸೇರಿ ಎಂಬತ್ತೆಂಟು. ನೂರರ ಬಾಟಲಿ, ಇನ್ನೂ ಹನ್ನೆರಡು ಮಿಗುತ್ತದೆ ಎಂದು ನಿಶ್ಚಿಂತೆಯಾಗಿ ಒಂದೇ ಬಾಟಲಿ ಐಸ್‌ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದೆ.

ಶಾಲೆಯ ಹಿಂದಿನ ಬಯಲಿಗೆ ಹೆಂಗಸರು ಆಡು ಹೊಡೆದುಕೊಂಡು ಬಂದರು. ತುಂತುರು ಮಳೆ. ಇಂದುಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು ಶುರು ಮಾಡಿದಳು. ಮೊದಲೆರಡು ಮನೆಯಲ್ಲೇ ಒಂದೊಂದು ಹೆಚ್ಚಿದ್ದವು, ಇರಲಿ ಅಂದುಕೊಂಡೆ. ಮೂರನೆಯಾಕೆ ಬಂದಳು. ಪಟ್ಟಿಯಲ್ಲಿ ನಾಲ್ಕು, ಕಣ್ಣೆದುರು ಏಳು.

“ನಾಲ್ಕು ಅಂತ ಬರೆಸಿದ್ದೀಯಲ್ಲಮ್ಮಾ?”

“ನಾಕೇ ಅವ್ರಿ.”

“ಎಲ್ಲಿ ನಾಲ್ಕು? ನೋಡು, ಒಂದು, ಎರಡು, ಮೂರು…”

ಆಕೆ ಗಾಬರಿಯಾಗಿ ನನ್ನ ಕೈಯನ್ನೇ ಹಿಡಿದು ಕೆಳಗಿಳಿಸಿದಳು. “ಏ ಡಾಕ್ಟರಬಾಯಿ, ಬೊಟ್ಟ ಮಾಡಿ ಎಣಿಸಬ್ಯಾಡ್ರಿ! ಇವೆರಡು ಗಬ್ಬ ಅವ. ಅದೊಂದು ದೇವ್ರಿಗಿ ಬಿಟ್ಟದ್ದು. ನಾಕೇ ಅವ.”

ನಾನು ಇಂದುಬಾಯಿಯ ಮುಖ ನೋಡಿದೆ. ಅವಳು ಮೆಲ್ಲಗೆ ಹೇಳಿದಳು: “ಗಬ್ಬ ಇದ್ದದ್ದು ಎಣಿಸಂಗಿಲ್ರಿ ನಮ್ಮಲ್ಲಿ. ಎಣಿಸಿದ್ರ ನೆದರ ಆಗ್ತದ, ಕಮ್ಮಿ ಆಗ್ತಾವ ಅಂತಾರ. ಅದಕ್ಕೇ ಕೇಳಿದ್ದೆ ನಾ, ಹೇಳಿದ್ದು ಬರೀಲೋ ಇದ್ದದ್ದು ಬರೀಲೋ ಅಂತ.” ನೆದರ ಅಂದರೆ ದೃಷ್ಟಿ. ಪ್ರತಿ ಮನೆಯಲ್ಲೂ ಒಂದೆರಡು ಆಡು ಹೀಗೆ ಲೆಕ್ಕದಿಂದ ಹೊರಗಿದ್ದವು. ಅವಳ ಮನೆಯಲ್ಲೂ ಅಷ್ಟೇ: ಒಂಬತ್ತು ಅಂದದ್ದು ಹನ್ನೊಂದು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ, ನನ್ನ ಮೇಲೆ. ಆದರೆ ಒಡೆದ ಬಾಟಲಿ ಕೈಯಲ್ಲಿ, ಸಿಟ್ಟು ಮಾಡುತ್ತ ಕೂರುವ ಹೊತ್ತಲ್ಲ.

ಎಲ್ಲರದೂ ಮುಗಿಯುವ ಹೊತ್ತಿಗೆ ಬಾಟಲಿಯಲ್ಲಿ ಏಳು ಆಡಿಗಾಗುವಷ್ಟು ಉಳಿದಿತ್ತು. ಇಂದುಬಾಯಿಯ ಹನ್ನೊಂದು ಆಡು ಬೇಲಿಗೆ ಕಟ್ಟಿದ್ದವು, ಕಡೆಯಲ್ಲಿ. ಅಷ್ಟರಲ್ಲಿ ಮೇಲಿನ ಓಣಿಯ ಗೌರಮ್ಮ ಎಂಬ ಹಿರಿಯಾಕೆ ಆರು ಆಡು ಹೊಡೆದುಕೊಂಡು ಬಂದರು. ಪಟ್ಟಿ ಮಾಡಲು ಹೋದಾಗ ಇದೇ ಗೌರಮ್ಮ, “ನೀ ಯಾವಾಗ ಡಾಕ್ಟರ್ ಆದಿಯವ್ವಾ? ನಮ್ಮವಕ್ಕ ದೊಡ್ಡ ದವಾಖಾನಿ ಅದ,” ಎಂದು ಹೊಸ್ತಿಲಿನಿಂದಲೇ ಕಳಿಸಿದ್ದರಂತೆ. ಈಗ ಅವರು ಯಾರ ಮುಖವನ್ನೂ ನೋಡದೆ, “ಹಾಕು ಮತ್ತ. ಎಲ್ಲಾರೂ ಹಾಕಸ್ಕೊಳ್ಳಾಕತ್ತಾರ,” ಅಂದರು.

ಇಂದುಬಾಯಿ ಸಿರಿಂಜ್ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಒಂದು ಮಾತು ಸಾಕಿತ್ತು: ಬೇಡ, ನಿನ್ನವಕ್ಕೆ ಮೊದಲು ಹಾಕು. ನಾನು ಹೇಳಲಿಲ್ಲ. ನನಗೆ ಆಗ ಕಂಡದ್ದು ಇಷ್ಟೇ, ಹೊಸ್ತಿಲಿನಿಂದ ಅಟ್ಟಿದಾಕೆ ತಾನಾಗಿ ಬಂದು ನಿಂತಿದ್ದಾಳೆ, ನನ್ನ ಶಿಷ್ಯೆ ಗೆದ್ದಿದ್ದಾಳೆ. ನಾನು ಫೋನ್ ತೆಗೆದು ಫೋಟೊಕ್ಕೆ ಹಿಡಿದೆ. ಅವಳು ಮುಂದೆ ಬಾಗಿ ಗೌರಮ್ಮನ ಆರೂ ಆಡುಗಳಿಗೆ ಹಾಕಿದಳು. ಉಳಿದ ಒಂದನ್ನು ತನ್ನ ಹಣೆಚುಕ್ಕಿಯ ಪಾಟಿಗೆ ಹಾಕಿದಳು. ಬಾಟಲಿ ಖಾಲಿ. “ಹತ್ತು ದಿನದಲ್ಲಿ ಇನ್ನೊಂದು ಬಾಟಲಿ ತರುತ್ತೇನೆ ಇಂದು,” ಅಂದೆ. “ಆಗ್ಲಿ ತಗೋರಿ, ಏನ್ ಅವಸರದ?” ಅಂದಳು. ಆ ಫೋಟೊವನ್ನು ಸಂಸ್ಥೆಯ ಗ್ರೂಪಿಗೆ ಹಾಕಿದೆ. ಇಪ್ಪತ್ತಮೂರು ಜನ ಹೆಬ್ಬೆಟ್ಟು ಒತ್ತಿದರು.

ಬಾಟಲಿ ಒಂಬತ್ತನೆಯ ದಿನವೇ ಬಂತು. ಹುಮನಾಬಾದಿನ ನಮ್ಮ ಎರಡು ಕೋಣೆಯ ಕಚೇರಿಯ ಫ್ರಿಜ್ಜಿನಲ್ಲಿ, ಮೇಲಿನ ಅರೆಯಲ್ಲಿ, ನಾನೇ ಕೈಯಾರೆ ಇಟ್ಟೆ. ಮೇಲಿನವರಿಗೆ ಫೋನ್ ಮಾಡಿದೆ. “ಹತ್ತು ಆಡಿಗೋಸ್ಕರ ನೂರರ ಬಾಟಲಿ ಒಡೆಯುವುದೇ? ತೊಂಬತ್ತು ಚೆಲ್ಲುತ್ತೀರಾ? ಹುಡಗಿ ಊರಿನಲ್ಲಿ ಶಿಬಿರ ಇದೆಯಲ್ಲ, ಅಂದು ಒಡೆದು ಅಲ್ಲಿಂದ ರಾಜೇಶ್ವರಕ್ಕೆ ಓಡಿ,” ಅಂದರು. ತಪ್ಪೇನಿಲ್ಲದ ಮಾತು. ಆದರೆ ಹುಡಗಿಯ ಶಿಬಿರ ಮಳೆಗೆ ಒಮ್ಮೆ ಮುಂದೆ ಹೋಯಿತು, ಹಬ್ಬಕ್ಕೆ ಇನ್ನೊಮ್ಮೆ ಮುಂದೆ ಹೋಯಿತು.

ಆ ಐತವಾರ ಮೂರು ಗಂಟೆಗೆ ಫೋನು. ಊಟ, ಮಳೆ, ಮಗಳ ಪರೀಕ್ಷೆ ಎಲ್ಲ ಆದ ಮೇಲೆ ಕೇಳಿದಳು, “ಔಷಧ ಬಂತೇನ್ರಿ ಮೇಡಂ?” ಬಂದಿದೆ, ಆದರೆ ನಿನ್ನ ಒಂದು ಮನೆಗಾಗಿ ಒಡೆಯುವುದಿಲ್ಲವಂತೆ ಎಂದು ಹೇಗೆ ಹೇಳಲಿ? “ಇನ್ನೂ ಇಲ್ಲ ಇಂದು,” ಅಂದುಬಿಟ್ಟೆ. ಬಸ್ಸು ತಪ್ಪಿತು ಅನ್ನುವಷ್ಟು ಸಲೀಸಾಗಿ ಬಂತು ಸುಳ್ಳು. ಮುಂದಿನ ಐತವಾರವೂ ಕೇಳಿದಳು, ಅದನ್ನೇ ಹೇಳಿದೆ. ಮೂರನೆಯ ಐತವಾರ ಅವಳು ಕೇಳಲಿಲ್ಲ. ನನಗೆ ಹಾಯೆನಿಸಿತು. ಥೂ, ಹಾಯೆನಿಸಿತು ಎಂದು ಬರೆಯುವುದಕ್ಕೇ ಈಗ ನಾಚಿಕೆಯಾಗುತ್ತದೆ.

ಶ್ರಾವಣದಲ್ಲಿ ಪಕ್ಕದ ಓಣಿಯವರು ಯಾರೋ ಸಂತೆಯಿಂದ ಒಂದು ಹೋತ ತಂದರು. ಎರಡನೆಯ ದಿನಕ್ಕೇ ಅದರ ಮೂಗು ಸೋರುತ್ತಿತ್ತಂತೆ. ಇಂದುಬಾಯಿ ಫೋನ್ ಮಾಡಿದಾಗ ವಾರ ಗುರುವಾರ. ಐತವಾರ ಬಿಟ್ಟು ಅವಳ ಫೋನು ಬಂದದ್ದು ಅದೇ ಮೊದಲು. “ಮೇಡಂ, ಮೂರು ಆಡು ಮೇವು ಬಿಟ್ಟಾವ. ಬಾಯಾಗ ನೋಡ್ದೆ. ನೀವು ತೋರಸಿದ್ದ ಫೋಟೊದಾಗ ಇತ್ತಲ್ರಿ, ಹಂಗ ಆಗ್ಯದ.” ದನಿ ನಡುಗುತ್ತಿರಲಿಲ್ಲ. ನಾನು ಸಿಕ್ಕ ಔಷಧಿಯೆಲ್ಲ ಚೀಲಕ್ಕೆ ತುಂಬಿಕೊಂಡು ಓಡಿದೆ. ಫ್ರಿಜ್ಜಿನ ಬಾಗಿಲು ತೆಗೆದೆ, ಬಾಟಲಿ ನೋಡಿದೆ, ಮುಚ್ಚಿದೆ. ರೋಗ ಹತ್ತಿದ ಮೇಲೆ ಅದರಿಂದ ಉಪಯೋಗವಿಲ್ಲ.

ಆರು ದಿನ ಅವಳ ಅಂಗಳದಲ್ಲೇ ಇದ್ದೆ. ಬಾಯಿ ತೊಳೆದೆವು, ಗ್ಲೂಕೋಸ್ ಏರಿಸಿದೆವು, ಗಂಜಿ ಕುಡಿಸಿದೆವು. ಮಳೆ ಬಿಡಲೇ ಇಲ್ಲ. ಅವಳು ಊರಿನ ಆಡುಗಳನ್ನು ತನ್ನ ಮನೆಯ ಕಡೆ ಬಿಡಬಾರದೆಂದು ಓಣಿಯ ತುದಿಗೆ ಹಗ್ಗ ಕಟ್ಟಿದಳು. ಕಾಲು ತೊಳೆಯದೆ ಯಾರ ಅಂಗಳಕ್ಕೂ ಹೋಗಲಿಲ್ಲ. ಸತ್ತದ್ದನ್ನು ಎಳೆದು ಸುಣ್ಣ ಹಾಕಿ ಹೂಳಿದಳು. ನಾನು ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದಳು. ಒಂಬತ್ತು ಹೋದವು. ಉಳಿದದ್ದು ಸೂಜಿ ಬಿದ್ದಿದ್ದ ಆ ಹಣೆಚುಕ್ಕಿ, ಮತ್ತೆ ಹೇಗೋ ಬಚಾವಾದ ಒಂದು ಮುದಿ ಆಡು. ಊರಿನಲ್ಲಿ ಸೂಜಿ ಹಾಕಿಸಿಕೊಂಡಿದ್ದ ಒಂದೇ ಒಂದು ಆಡೂ ಸಾಯಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಕಡೆಯ ದಿನ ಖಾಲಿ ಹಗ್ಗಗಳನ್ನು ತೊಳೆದು ಬೇಲಿಯ ಮೇಲೆ ಒಣಹಾಕುತ್ತಿದ್ದಳು. ನಾನೇ ಮುಖ ತಿರುಗಿಸಿ ಅತ್ತೆ.

ಇನ್ನು ಅವಳನ್ನು ಊರು ತಲೆಯ ಮೇಲೆ ಹೊತ್ತುಕೊಳ್ಳಬೇಕಿತ್ತು. ಆದದ್ದು ತಿರುವುಮುರುವು. ದಸರೆಗೆ ಮುಂಚೆ ಇನ್ನೊಂದು ರೋಗದ ಸೂಜಿಗೆಂದು ಅದೇ ಬಯಲಿಗೆ ಹೋದರೆ ಒಂದು ಆಡೂ ಬರಲಿಲ್ಲ. ಗೌರಮ್ಮನ ಮನೆಗೆ ನಾನೇ ಹೋದೆ. ಅವರು ಕೂರಲು ಮಣೆ ಕೊಟ್ಟು ಹೇಳಿದರು: “ಅಕಿ ಭಾಳ ಛೊಲೋ ಹೆಣ್ಮಗಳು ಅದಾಳ್ರಿ, ನಾ ಇಲ್ಲ ಅನ್ನಂಗಿಲ್ಲ. ಖರೇ ಅಕಿ ಕೈಗುಣ ಸರಿ ಇಲ್ಲ. ತನ್ನ ಆಡೇ ಉಳಿಲಿಲ್ಲ ಅಕಿ ಕೈಯಾಗ.”

“ಅಲ್ಲಮ್ಮಾ, ನಿಮ್ಮ ಆಡು ಉಳಿದದ್ದೇ ಅವಳ ಸೂಜಿಯಿಂದ! ಅವಳವಕ್ಕೆ ಔಷಧಿ ಸಾಲಲಿಲ್ಲ.”

“ಹೌದೇನ್ರಿ? ಮತ್ತ ಆಮ್ಯಾಲರ ಯಾಕ ಹಾಕಲಿಲ್ಲ? ಒಂದ್ ತಿಂಗಳ ಇತ್ತಲ್ಲ?”

ನ್ಯಾಯವಾದ ಪ್ರಶ್ನೆ. ಬಾಟಲಿ ನನ್ನ ಹತ್ತಿರವೇ ಇತ್ತು, ನಾನು ಕೊಡಲಿಲ್ಲ, ನನ್ನನ್ನು ಬೈಯಿರಿ ಎಂದು ಅಲ್ಲೇ, ಆ ಮಣೆಯ ಮೇಲೆ ಕೂತೇ ಹೇಳಬಹುದಿತ್ತು. ಕೈಗುಣದ ಮಾತು ಆ ಕ್ಷಣಕ್ಕೇ ಮುಗಿದುಹೋಗುತ್ತಿತ್ತು. “ಔಷಧಿ ಬರಲಿಲ್ಲ,” ಅಂದೆ. ಗೌರಮ್ಮ ತಲೆಯಾಡಿಸಿ, “ಅಕಿ ನಸೀಬ” ಎಂದು ಎದ್ದರು. ಹೊರಗೆ ಇಂದುಬಾಯಿ ಐಸ್‌ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದಳು. ಎಷ್ಟು ಕೇಳಿಸಿತ್ತೋ ಗೊತ್ತಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲ. ಇಡೀ ಜಿಲ್ಲೆಯಲ್ಲಿ ನನಗೆ ಸುಮ್ಮನೆ ಫೋನ್ ಮಾಡುವವಳು ಅವಳೊಬ್ಬಳಿದ್ದಳು. ಹೇಳಿದರೆ ಐತವಾರದ ಆ ಫೋನು ನಿಲ್ಲುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಫೋನು ಹೇಗಿದ್ದರೂ ನಿಂತಿತು. ಮೊದಲು ಎರಡು ವಾರಕ್ಕೊಮ್ಮೆಯಾಯಿತು, ಆಮೇಲೆ ದೀಪಾವಳಿಗೊಂದು ಬಂತು, ಆಮೇಲೆ ಇಲ್ಲ. ನಾನು ಮಾಡಿದರೆ ಮಗಳು ಎತ್ತಿ “ಅವ್ವ ಹೊಲಕ್ಕ ಹೋಗ್ಯಾಳ್ರಿ” ಅನ್ನುತ್ತಿದ್ದಳು. ಮತ್ತೆ ಬಸ್‌ಸ್ಟ್ಯಾಂಡಿನ ಬೆಂಚು, ಭಜಿ. ಚಳಿಗಾಲ ಕಳೆಯಿತು. ಉಳಿದ ಹನ್ನೊಂದು ಜನ ತರಬೇತಿ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಂಡರು. ಇಂದುಬಾಯಿ ಆ ದಿನ ಬರಲಿಲ್ಲ, ಸಿರಿಂಜು, ಥರ್ಮಾಮೀಟರು, ನೋಟ್‌ಬುಕ್ಕು ಎಲ್ಲ ತೊಳೆದು ಒರೆಸಿ ಒಂದು ಚೀಲದಲ್ಲಿ ಕಳಿಸಿದ್ದಳು. ಯುಗಾದಿಗೆ ನನಗೆ ಬಳ್ಳಾರಿಗೆ ಹೋಗಲು ಹೇಳಿದರು. ರಾಜೇಶ್ವರದ ಮೇಲಿಂದಲೇ ಎಷ್ಟೋ ಸಲ ಓಡಾಡಿದ್ದವಳು, ಹೇಳಿಹೋಗುವುದಕ್ಕೂ ಇಳಿಯಲಿಲ್ಲ. ಕೋಣೆ ಖಾಲಿ ಮಾಡಿ ಬೀಗದ ಕೈ ಕೊಡುವಾಗ ಖಾಲಾ ಮಾತ್ರ “ಖುದಾ ಹಾಫಿಜ್” ಎಂದು ತಲೆ ಸವರಿದರು.

ಈಗ ಬಸ್ಸಿಳಿದು ಅದೇ ಓಣಿಯಲ್ಲಿ ನಡೆದೆ. ಇಂದುಬಾಯಿ ಬೇವಿನ ಮರದ ಕೆಳಗೆ ಕೂತು ಮೊರದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. “ಅಯ್ಯ, ಮೇಡಂ! ಹಾದಿ ತಪ್ಪಿ ಬಂದ್ರೇನ್ರಿ?” ಎಂದು ಎದ್ದಳು. ನೀರು ಕೊಟ್ಟಳು, ಚಹಾ ಮಾಡಿದಳು. ಮಗಳ ಮದುವೆಯಾಗಿದೆ, ಕೂಸಾಗಿದೆ, ಗಂಡ ಈಗ ಊರಲ್ಲೇ ಇದ್ದಾನೆ. ಅಂಗಳದಲ್ಲಿ ನಾಲ್ಕು ಆಡುಗಳಿದ್ದವು.

“ಸೂಜಿ ಈಗ ಯಾರು ಹಾಕುತ್ತಾರೆ?” ಎಂದೆ.

“ಹುಮನಾಬಾದದಿಂದ ಒಬ್ಬಾವ ಬರ್ತಾನ್ರಿ. ನಾ ಆಡು ಹಿಡ್ಕೋತೀನಿ, ಅಂವ ಹಾಕ್ತಾನ.”

“ನಿನಗಿಂತ ಚೆನ್ನಾಗಿ ಹಾಕುವವನೇ ಅವನು? ನಿನ್ನ ಆಡಿಗಾದರೂ ನೀನು ಹಾಕಬಾರದೇ?”

“ಬ್ಯಾಡ್ರಿ. ನನ್ನ ಕೈ ಛೊಲೋ ಇಲ್ಲ.” ಕಾಯಿ ಬಿಡಿಸುತ್ತಲೇ ಅಂದಳು. “ಮಂದಿ ಅಂದ್ರು ಅಂತ ಅಲ್ರಿ. ನನಗೂ ಹಂಗ ಅನಸ್ತದ.”

ಆಗ ಹೇಳಿದೆ. ಒಂಬತ್ತನೆಯ ದಿನ ಬಾಟಲಿ ಬಂದದ್ದು, ಫ್ರಿಜ್ಜಿನಲ್ಲಿಟ್ಟದ್ದು, ಎರಡು ಐತವಾರ ಸುಳ್ಳು ಹೇಳಿದ್ದು, ಗೌರಮ್ಮನ ಮುಂದೆಯೂ ಅದೇ ಸುಳ್ಳು ಹೇಳಿದ್ದು, ಎಲ್ಲ. ಅವಳ ಕೈ ನಿಂತಿತು. ಮೊರವನ್ನು ಪಕ್ಕಕ್ಕಿಟ್ಟಳು.

“ಎಷ್ಟು ದಿವಸ ಇತ್ರಿ, ಬಾಟ್ಲಿ?”

“ಅವು ಮೇವು ಬಿಡುವ ಹೊತ್ತಿಗೆ ಇಪ್ಪತ್ತಾರು ದಿನವಾಗಿತ್ತು.”

“ಬೀಗ ಇತ್ತೇನ್ರಿ ಫ್ರಿಜ್ಜಿಗಿ?”

“ಇಲ್ಲ.”

ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದಳು.

“ಮಗಳು ಹಡದಾಗ ಕೂಸಿಗಿ ಮೊದ್ಲ ಎಣ್ಣಿ ನಾ ಹಚ್ಚಬೇಕಿತ್ರಿ. ಎಣ್ಣಿ ಬಟ್ಲ ಕೈಯಾಗ ಕೊಟ್ರು. ನನ್ನ ಕೈ ಬ್ಯಾಡ, ಅಕಿ ಅತ್ತಿ ಹಚ್ಚಲಿ ಅಂದು ನಾ ಹೊರಗ ಬಂದು ಕುಂತೆ.” ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು. “ಅವತ್ತೇ ಹೇಳಿದ್ರ ನಿಮಗ ಬೈತಿದ್ದೆ, ಮೇಡಂ. ನನ್ನ ಕೈಗಿ ಬೈತಿರಲಿಲ್ಲ.”